ಪಕ್ಕದವಳ ಉಸಿರು

ಓರಗಿತ್ತಿಯರಿಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಆದರೂ ವಾರಕ್ಕೊಮ್ಮೆ, ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ, ಎರಡನೇ ಸಾಲಿನ ಎಡತುದಿಯಲ್ಲಿ, ಒಬ್ಬಳ ಭುಜ ಇನ್ನೊಬ್ಬಳ ಭುಜಕ್ಕೆ ತಾಗುವಷ್ಟು ಹತ್ತಿರ ನಿಂತು ಹಾಡುತ್ತಿದ್ದರು.

ಹಿರಿಯವಳನ್ನು ಹಾಡಿನ ತಂಡದವರೆಲ್ಲ ಮೈಕಕ್ಕ ಎನ್ನುತ್ತಿದ್ದರು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಎಲ್ಲೆಲ್ಲಿ ಹಾದು ಎಲ್ಲಿಗೆ ಹೋಗುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಊರಿನ ಅರ್ಧ ಜನಕ್ಕೆ ಅವಳ ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ಅವಳು ತರಕಾರಿ ಅಂಗಡಿಯಲ್ಲಿ ಬಾಯಿ ತೆರೆದರೆ ಅಕ್ಕಪಕ್ಕದವರು ಚೀಲ ಎತ್ತಿಕೊಂಡು ಓಡಲು ತಯಾರಾಗುತ್ತಾರೆ ಎಂದು ತಂಡದಲ್ಲಿ ಒಂದು ತಮಾಷೆಯಿತ್ತು.

ಕಿರಿಯವಳ ಅಡ್ಡಹೆಸರು ತಕ್ಕಡಿ. ಅವಳು ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಜೋಡಿಸಿದ ತಕ್ಕಡಿ ಕೊನೆಗೆ ಅವಳ ಮೇಜಿಗೆ ಬರುತ್ತಿತ್ತು. ಅವಳು ತಟ್ಟೆಯ ಮೇಲೆ ಗೊತ್ತಿರುವ ತೂಕದ ಬಟ್ಟುಗಳನ್ನು ಚಿಮಟದಿಂದ ಇಟ್ಟು, ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದಳು. ಕೂದಲೆಳೆಯಷ್ಟು ಆಚೀಚೆ ಇದ್ದರೂ ತಿರುಪು ತಿರುಗಿಸಿ ಮತ್ತೆ ಇಡುತ್ತಿದ್ದಳು. ಕಿಟಕಿಯಿಂದ ಗಾಳಿ ಬಂದರೆ ಮುಳ್ಳು ಅಲುಗುತ್ತದೆಂದು ಬೇಸಿಗೆಯಲ್ಲೂ ಕಿಟಕಿ ಮುಚ್ಚಿಯೇ ಕೂರುತ್ತಿದ್ದಳು. ಮಾತೂ ಹಾಗೆಯೇ, ಅಳೆದು ತೂಗಿ. ಮೈಕಕ್ಕ ಒಂದು ಉಸಿರಿಗೆ ಆಡಿ ಮುಗಿಸುವ ಮಾತು ಇವಳಿಗೆ ಒಂದು ವಾರಕ್ಕೆ ಸಾಕು.

ಸ್ವಭಾವದಲ್ಲಿ ಎಣ್ಣೆ ಸೀಗೆಕಾಯಿಯಾಗಿದ್ದ ಈ ಇಬ್ಬರ ದನಿಗಳು ಮಾತ್ರ ಬೆರೆತರೆ ಯಾವುದು ಯಾರದು ಎಂದು ಹೇಳಲಾಗದಂತೆ ಬೆರೆಯುತ್ತಿದ್ದವು. ಇಬ್ಬರೂ ಒಳದನಿಯವರು. ಮೇಲ್ದನಿಯವರು ರಾಗ ಎತ್ತುತ್ತಾರೆ, ಜನ ಅದನ್ನು ಗುನುಗುತ್ತ ಮನೆಗೆ ಹೋಗುತ್ತಾರೆ. ಕೆಳದನಿಯ ಗಂಡಸರು ನೆಲ ಅದುರಿಸುತ್ತಾರೆ. ನಡುವೆ ಇರುವ ಒಳದನಿಯನ್ನು ಬೇರೆಯಾಗಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ಅದು ಇಲ್ಲದಿದ್ದಾಗ ಮಾತ್ರ ಏನೋ ಕಡಿಮೆಯಾಯಿತಲ್ಲ ಅನ್ನಿಸುತ್ತದೆ.

ತಂಡವನ್ನು ನಡೆಸುತ್ತಿದ್ದವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರಿಗೆ ಒಂದು ಹುಚ್ಚು: ಉದ್ದ ಸ್ವರ ಎಲ್ಲಿಯೂ ಕಡಿಯಬಾರದು. ಒಬ್ಬ ಮನುಷ್ಯ ಅಷ್ಟು ಹೊತ್ತು ಹಿಡಿಯಲಾರ, ತಂಡ ಹಿಡಿಯಬಲ್ಲದು. ಅದಕ್ಕೆ ಉಪಾಯ, ಅಕ್ಕಪಕ್ಕದವರು ಬೇರೆ ಬೇರೆ ಜಾಗದಲ್ಲಿ ಉಸಿರು ತೆಗೆದುಕೊಳ್ಳುವುದು.

"ನೋಡ್ರಪ್ಪ, ಎಲ್ಲರೂ ಒಂದೇ ಸಲ ಉಸಿರೆಳೆದ್ರೆ ಹಾಡಿಗೆ ತೂತು ಬೀಳುತ್ತೆ. ಪಕ್ಕದವರು ಎಳೀವಾಗ ನೀವು ಹಿಡ್ಕೊಳ್ಳಿ. ಅವರು ವಾಪಸ್ ಬಂದ್ಮೇಲೆ ನೀವು ಹೋಗಿ. ಕೇಳೋರಿಗೆ ಇವರಿಗೆಲ್ಲ ಶ್ವಾಸಕೋಶವೇ ಇಲ್ಲ ಅನ್ನಿಸ್ಬೇಕು" ಎನ್ನುತ್ತಿದ್ದರು.

"ಇರೋದನ್ನ ಸಿಗರೇಟಿಗೆ ಅಂತ ಎತ್ತಿಟ್ಟಿದ್ದೀವಿ ಮೇಷ್ಟ್ರೇ" ಎಂದು ಕೆಳದನಿಯ ಪೇಂಟರ್ ಹಿಂದಿನಿಂದ ಕೂಗುತ್ತಿದ್ದ.

ಹೀಗೆ ಹಾಡಬೇಕೆಂದರೆ ಪಕ್ಕದವಳ ಉಸಿರಿಗೆ ಸದಾ ಕಿವಿಗೊಟ್ಟಿರಬೇಕು. ದನಿಗಲ್ಲ, ಉಸಿರಿಗೆ. ಅವಳು ಗಾಳಿ ಎಳೆಯುವ ಮುಂಚೆ ಭುಜ ಅಷ್ಟೇ ಅಷ್ಟು ಏಳುತ್ತದೆ, ಪದದ ಕೊನೆ ತುಸು ತೆಳುವಾಗುತ್ತದೆ. ಅಷ್ಟರಲ್ಲಿ ತನ್ನ ದನಿಯನ್ನು ಒಂದಿಷ್ಟು ಅಗಲ ಮಾಡಿ ಅವಳ ಜಾಗವನ್ನೂ ತುಂಬಬೇಕು. ವರ್ಷಗಟ್ಟಲೆ ಹೀಗೆ ನಿಂತ ಇಬ್ಬರು, ಒಬ್ಬರ ಬಗ್ಗೆ ಒಬ್ಬರು ಗಂಡಂದಿರಿಗೂ ಗೊತ್ತಿಲ್ಲದ್ದನ್ನು ತಿಳಿದಿರುತ್ತಾರೆ.

ಮಾತು ಬಿಟ್ಟದ್ದು ಅತ್ತೆಯ ಕಾರಣಕ್ಕೆ. ಅತ್ತೆ ಕೆಲವು ತಿಂಗಳು ದೊಡ್ಡ ಮಗನ ಮನೆಯಲ್ಲಿ, ಕೆಲವು ತಿಂಗಳು ಚಿಕ್ಕ ಮಗನ ಮನೆಯಲ್ಲಿ ಇರುತ್ತಿದ್ದರು. ಚಿಕ್ಕವನ ಮನೆಯಲ್ಲಿದ್ದಾಗ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದರು. ಆಮೇಲೆ ಏಳಲಿಲ್ಲ. ಸಾವಿನ ಮನೆಯಲ್ಲಿ, ನೆಂಟರೆಲ್ಲ ಕೂತಿದ್ದಾಗ, ಅತ್ತು ಅತ್ತು ಕಣ್ಣು ಕೆಂಪಾಗಿದ್ದ ಮೈಕಕ್ಕ ಎಲ್ಲರಿಗೂ ಕೇಳುವಂತೆ ಒಂದು ಮಾತು ಅಂದುಬಿಟ್ಟಳು:

"ತಕ್ಕಡಿ ಮುಂದೆ ಕೂತೂ ಕೂತೂ ಇವಳ ಕಣ್ಣು ಮುಳ್ಳಿನ ಮೇಲೇ ನಿಂತುಹೋಗಿದೆ. ಮನುಷ್ಯರ ಮೇಲೆ ಬೀಳೋದೇ ಇಲ್ಲ."

ಅವಳ ದನಿ ಬಸ್ ನಿಲ್ದಾಣದ ದನಿ. ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ. ತಕ್ಕಡಿ ಉತ್ತರ ಕೊಡಲಿಲ್ಲ. ಆ ದಿನ ಕೊಡಲಿಲ್ಲ, ಮಾರನೆಯ ದಿನವೂ ಕೊಡಲಿಲ್ಲ, ಆಮೇಲೆ ಕೊಡುವುದಕ್ಕೆ ಹೊತ್ತು ಮೀರಿತು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದೆ ಒಳಗೇ ಉಳಿದ ಮಾತೂ ಹಾಗೆಯೇ, ಅದು ಇನ್ನೊಂದು ದಾರಿಯಲ್ಲಿ ಹೋಗುತ್ತದೆ.

ಮಾತು ನಿಂತ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ಮೇಷ್ಟ್ರ ಹತ್ತಿರ ಹೋಗಿ ಜಾಗ ಬದಲಿಸಲು ಕೇಳಿದ್ದರು. ಮೇಷ್ಟ್ರು ಇಬ್ಬರಿಗೂ ಒಂದೇ ಉತ್ತರ ಕೊಟ್ಟರು. "ನಿಮ್ಮ ಜಗಳ ಕೆಳಗಡೆ, ಸೈಕಲ್ ಅಂಗಡೀಲಿ ಬಿಟ್ಟು ಹತ್ತಿ ಬನ್ನಿ. ಹೋಗ್ತಾ ತಗೊಂಡು ಹೋಗಿ. ಯಾರೂ ಕದಿಯೋಲ್ಲ."

ಹಾಗಾಗಿ ಅಲ್ಲೇ ನಿಂತರು. ಮೆಟ್ಟಿಲು ಹತ್ತುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೇಷ್ಟ್ರ ಕೈ ಎದ್ದ ಕೂಡಲೇ ಹಿರಿಯವಳ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿ ಕಿರಿಯವಳ ದನಿ ಅಗಲವಾಗುತ್ತಿತ್ತು. ತಕ್ಕಡಿಯ ಗಂಡ ಒಂದು ಸಲ ಕಾರ್ಯಕ್ರಮ ಕೇಳಲು ಬಂದವನು ಮನೆಗೆ ಹೋಗುವಾಗ ಹೇಳಿದ: "ನೀವಿಬ್ಬರೂ ಮಾತು ಬಿಟ್ಟಿದ್ದೀರಿ ಅಂತ ಇಲ್ಲಿ ಯಾರಿಗಾದ್ರೂ ಹೇಳಿದ್ರೆ ನನ್ನ ಹುಚ್ಚ ಅಂತಾರೆ ಕಣೇ."

ತಂಡ ಒಂದು ಹೊಸ ಹಾಡು ಕೈಗೆತ್ತಿಕೊಂಡಿತ್ತು. ದೋಣಿಯಲ್ಲಿ ಹೋದವರಿಗಾಗಿ ದಡದಲ್ಲಿ ಕಾಯುವವರ ಹಾಡು ಅದು. "ದೂರ" ಎಂಬ ಪದದಲ್ಲಿ ಮುಗಿಯುತ್ತಿತ್ತು. ಆ "ದೂ" ಎಷ್ಟು ಉದ್ದವೆಂದರೆ, ಮೇಲ್ದನಿಯವರು ತಮ್ಮ ಸಾಲನ್ನು ಪೂರ್ತಿ ಹಾಡಿ, ಕೆಳದನಿಯವರು ಅದಕ್ಕೆ ಉತ್ತರ ಕೊಟ್ಟು ಮುಗಿಸುವವರೆಗೂ ಒಳದನಿಯವರು ಅದೊಂದೇ ಸ್ವರದ ಮೇಲೆ ನಿಲ್ಲಬೇಕು. ಮೇಷ್ಟ್ರು ಜೋಡಿಜೋಡಿಯಾಗಿ ಉಸಿರಿನ ಜಾಗ ಗೊತ್ತು ಮಾಡಿಕೊಟ್ಟರು. ಮೈಕಕ್ಕನದು ಮೊದಲರ್ಧದಲ್ಲಿ, ಮೇಲ್ದನಿಯ ಸಾಲು ಏರುವಾಗ. ತಕ್ಕಡಿಯದು ಕೊನೆಗೆ, ಕೆಳದನಿಯವರ ಉತ್ತರದ ನಡುವೆ.

ಚಳಿ ಶುರುವಾದ ಮೇಲೆ ಒಂದು ಸಂಜೆ ತಕ್ಕಡಿ ತನ್ನ ಜಾಗದಲ್ಲಿ ಉಸಿರೆಳೆಯಬೇಕು ಅನ್ನುವಷ್ಟರಲ್ಲಿ ಪಕ್ಕದ ಭುಜ ಎದ್ದದ್ದು ತಿಳಿಯಿತು. ಆ ಭುಜ ಅಲ್ಲಿ ಏಳಬಾರದಿತ್ತು. ಅವಳು ತನ್ನ ಉಸಿರನ್ನು ನುಂಗಿಕೊಂಡು ಹಿಡಿದಳು. ಎದೆ ಒತ್ತಿ ಬಂತು, ಸ್ವರ ಕಡಿಯಲಿಲ್ಲ. ಶೀತ ಇರಬೇಕು ಅಂದುಕೊಂಡಳು.

ಮುಂದಿನ ವಾರವೂ ಆ ಭುಜ ಅಲ್ಲೇ ಎದ್ದಿತು. ಆಮೇಲಿನ ವಾರ ಇನ್ನೂ ಮುಂಚೆ ಎದ್ದಿತು. ತಕ್ಕಡಿ ಮನೆಯಲ್ಲಿ, ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಇಡೀ "ದೂ" ಒಂದೇ ಉಸಿರಿನಲ್ಲಿ ಹಿಡಿಯುವುದನ್ನು ಅಭ್ಯಾಸ ಮಾಡಿದಳು. ಪದಕ್ಕೆ ಮುಂಚೆಯೇ ಹೊಟ್ಟೆಯ ತಳದವರೆಗೆ ಗಾಳಿ ತುಂಬಿಕೊಳ್ಳುವುದು, ಅದನ್ನು ದಾರದಂತೆ ಸಣ್ಣಗೆ ಬಿಡುವುದು. ಹಾಗೆ ಮಾಡಿದರೆ ಪಕ್ಕದವಳು ಎಲ್ಲಿ ಬೇಕಾದರೂ ಉಸಿರೆಳೆಯಬಹುದು, ಎರಡು ಸಲ, ಮೂರು ಸಲ. ಯಾರಿಗೂ ತಿಳಿಯುವುದಿಲ್ಲ.

ತಂಡದಲ್ಲಿ ಇದು ತಪ್ಪಲ್ಲ, ದೊಡ್ಡ ಗುಣ. ಪಕ್ಕದವರ ಕೊರತೆಯನ್ನು ಸದ್ದಿಲ್ಲದೆ ತುಂಬುವವನೇ ಒಳ್ಳೆಯ ಹಾಡುಗಾರ ಎಂದು ಎಲ್ಲ ತಂಡಗಳಲ್ಲೂ ಕಲಿಸುತ್ತಾರೆ. ತಕ್ಕಡಿ ಕಲಿತದ್ದನ್ನು ಮಾಡಿದಳು, ಎಲ್ಲರಿಗಿಂತ ಚೆನ್ನಾಗಿ ಮಾಡಿದಳು.

ಬೇರೆ ಗುರುತುಗಳೂ ಇದ್ದವು. ಯಾವಾಗಲೂ ಕೊನೆಗೆ ಬಂದು ಏದುಸಿರಿನಲ್ಲಿ ಬಸ್ಸುಗಳನ್ನು ಬೈಯುತ್ತಿದ್ದ ಮೈಕಕ್ಕ ಈಗ ಎಲ್ಲರಿಗಿಂತ ಮುಂಚೆ ಬಂದು ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಮೇಷ್ಟ್ರಿಗೆ ಸಂತೋಷವೋ ಸಂತೋಷ. "ನೋಡಿ ಕಲೀರಿ! ನಮ್ಮ ಮೈಕಕ್ಕನೇ ಹೊತ್ತಿಗೆ ಸರಿಯಾಗಿ ಬರೋಕೆ ಶುರು ಮಾಡಿದ್ಮೇಲೆ ನಿಮಗೇನು ಬಂದಿದೆ ದಾಡಿ?" ಅಂದರು.

"ನಾನು ಬಸ್ಸಿಗೇ ಹೊತ್ತು ಹೇಳಿಕೊಡೋಳು ಮೇಷ್ಟ್ರೇ" ಎಂದು ಅವಳು ನಕ್ಕಳು. ನಗು ಚಿಕ್ಕದಾಗಿತ್ತು. ಮೆಟ್ಟಿಲನ್ನು ಅವಳು ಹೇಗೆ ಹತ್ತುತ್ತಾಳೆ ಎಂದು ಯಾರೂ ನೋಡಬಾರದೆಂದೇ ಮುಂಚೆ ಬರುತ್ತಾಳೆ ಎಂಬುದು ತಕ್ಕಡಿಗೆ ಹೊಳೆಯಿತು. ಹೊಳೆದದ್ದನ್ನು ಅಲ್ಲೇ ಬದಿಗಿಟ್ಟಳು.

ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಆ ದನಿ ನೆತ್ತಿಯ ಮೇಲಿನ ಧ್ವನಿವರ್ಧಕದಿಂದ ಬಂತು. ಗಡಿಯಾರ ಗೋಪುರದ ಮೇಲೆ, ಹಳೆ ಸೇತುವೆ ಮೇಲೆ, ಗಿರಣಿ ಮೇಲೆ ಹಾದು ಹೋಗುವ ಬಸ್ಸು. ಹಿಂದೆ ಅದಿಷ್ಟನ್ನೂ ಒಂದೇ ಉಸಿರಿಗೆ ಹೇಳಿ ಕೊನೆಗೆ "ಬೇಗ ಹತ್ತಿ" ಎಂದು ತಾನಾಗಿ ಸೇರಿಸುತ್ತಿದ್ದಳು. ಇಂದು ಸೇತುವೆಯಾದ ಮೇಲೆ ನಿಂತಳು. ಮೈಕು ಸಣ್ಣಗೆ ಸುಯ್ ಎಂದಿತು. ಆಮೇಲೆ ಗಿರಣಿ ಬಂತು. "ಬೇಗ ಹತ್ತಿ" ಬರಲಿಲ್ಲ.

ಸುತ್ತ ನಿಂತವರಲ್ಲಿ ಯಾರೂ ತಲೆ ಎತ್ತಲಿಲ್ಲ. ಗಾಜಿನ ಗೂಡು ಅಲ್ಲೇ, ನಾಲ್ಕು ಹೆಜ್ಜೆ ದೂರದಲ್ಲಿತ್ತು. ತಕ್ಕಡಿ ಅದರ ಕಡೆ ತಿರುಗಿದಳು ಕೂಡ. ಅಷ್ಟರಲ್ಲಿ ಬಸ್ಸು ಬಂತು, ಹತ್ತಿದಳು.

ಆ ರಾತ್ರಿ ಊಟ ಮಾಡುವಾಗ ಗಂಡನಿಗೆ ಕೇಳಿದಳು: "ನಿಮ್ಮಣ್ಣ ಸಿಕ್ಕಿದ್ರಾ?"

ಅಣ್ಣತಮ್ಮಂದಿರು ಹೆಂಡತಿಯರಿಗೆ ಹೇಳದೆ ಆಗಾಗ ಭೇಟಿಯಾಗುವುದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು.

"ಹೋದ ವಾರ ಸಿಕ್ಕಿದ್ದ. ಯಾಕೆ?"

"ಮನೇಲಿ ಎಲ್ಲ ಆರಾಮಾ ಅಂತ."

"ಆರಾಮಂತೆ. ಅತ್ತಿಗೆ ಮನೇಲೂ ಆ ಹಾಡೇ ಹಾಡ್ತಾಳಂತೆ, ಅಣ್ಣನಿಗೆ ತಲೆ ಕೆಟ್ಟುಹೋಗಿದೆಯಂತೆ." ಅವನು ತುತ್ತು ನಿಲ್ಲಿಸಿ ಅವಳ ಮುಖ ನೋಡಿದ. "ಯಾಕೆ, ಏನಾದ್ರೂ ಇದೆಯಾ?"

ನಾಲಿಗೆಯ ತುದಿಗೆ ಬಂದಿತ್ತು. ಆದರೆ ಏನೆಂದು ಹೇಳುವುದು? ನಿಮ್ಮತ್ತಿಗೆ ತಪ್ಪು ಜಾಗದಲ್ಲಿ ಉಸಿರೆಳೆಯುತ್ತಾಳೆ ಎಂದೇ? ಮಾತು ಬಿಟ್ಟವಳ ಮೇಲೆ ದೂರು ಹೇಳಿದ ಹಾಗಾಗುತ್ತದೆ. ಮೇಷ್ಟ್ರ ಕಿವಿಗೆ ಬಿದ್ದರೆ "ಸ್ವಲ್ಪ ದಿನ ಕೂತ್ಕೊಳ್ಳಮ್ಮ" ಅನ್ನುತ್ತಾರೆ, ಪಕ್ಕದ ಜಾಗಕ್ಕೆ ಬೇರೆ ಯಾರನ್ನೋ ತಂದು ನಿಲ್ಲಿಸುತ್ತಾರೆ. ಅದು ಅವಳಿಗೆ ಬೇಡವಾಗಿತ್ತು. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

"ಏನಿಲ್ಲ. ಸುಮ್ನೆ ಕೇಳ್ದೆ" ಎಂದು ಏಳಲು ಹೊರಟಳು.

ಬೇಸಿಗೆ ಕಳೆದು, ಸುತ್ತಲಿನ ಊರುಗಳ ತಂಡಗಳೆಲ್ಲ ಸೇರುವ ಗಾಯನ ಮೇಳ ಬಂತು. ದೊಡ್ಡ ಸಭಾಂಗಣ, ಎತ್ತರದ ವೇದಿಕೆ. ಇವರ ತಂಡ ಆ ದೋಣಿಯ ಹಾಡನ್ನು ಹಾಡಿತು. "ದೂ" ಬಂತು. ತಕ್ಕಡಿ ಹಿಡಿದಳು. ಪಕ್ಕದ ಭುಜ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಕೊನೆಕೊನೆಗೆ ಪಕ್ಕದಿಂದ ಸ್ವರವೇ ಬರುತ್ತಿರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ತಕ್ಕಡಿಗೆ ಕಣ್ಣ ಮುಂದೆ ಚುಕ್ಕೆಗಳು ತೇಲಿದವು. ಇಬ್ಬರ ಪಾಲನ್ನೂ ಒಬ್ಬಳೇ ಹೊತ್ತು "ರ" ತಲುಪಿಸಿದಳು.

ತೀರ್ಪುಗಾರರಲ್ಲಿ ಒಬ್ಬರು, ತಾವೂ ತಂಡ ನಡೆಸುವವರು, ವೇದಿಕೆಯ ಮೇಲೆ ಬಂದು ಹೊಗಳಿದರು. "ನಾನು ಇವತ್ತು ಇವರ ಒಳದನಿ ಸಾಲನ್ನೇ ಕೇಳ್ತಾ ಇದ್ದೆ. ಒಬ್ಬರು ಎಲ್ಲಿ ಬಿಟ್ಟರು, ಇನ್ನೊಬ್ಬರು ಎಲ್ಲಿ ಹಿಡಿದರು ಗೊತ್ತಾಗಲಿಲ್ಲ. ಇದನ್ನ ಎಲ್ಲ ತಂಡದವರೂ ಕಲೀಬೇಕು" ಅಂದರು. ಚಪ್ಪಾಳೆಯಾಯಿತು. ಮೇಷ್ಟ್ರು ಎರಡನೇ ಸಾಲಿನ ಎಡತುದಿಯತ್ತ ನೋಡಿ ಕಣ್ಣೊರೆಸಿಕೊಂಡರು.

ವೇದಿಕೆಯಿಂದ ಇಳಿಯುವ ಮೆಟ್ಟಿಲ ಮೇಲೆ ಮೈಕಕ್ಕ ನಿಂತುಬಿಟ್ಟಿದ್ದಳು, ಪಕ್ಕದ ಕಂಬಿ ಹಿಡಿದು. ಹಣೆಯಲ್ಲಿ ಬೆವರು. ಹಿಂದೆ ಬರುತ್ತಿದ್ದ ತಕ್ಕಡಿಯೂ ನಿಂತಳು. ಮೈಕಕ್ಕ ತಿರುಗಿ ನೋಡಿದಳು. ಎಷ್ಟೋ ವರ್ಷದ ಮೇಲೆ ನೆಟ್ಟಗೆ, ಕಣ್ಣಿಗೆ ಕಣ್ಣಿಟ್ಟು. ತುಟಿ ತೆರೆಯಿತು. ಹಿಂದಿನಿಂದ ಪೇಂಟರ್ "ಸಾಗ್ರಮ್ಮಾ, ಹಿಂದೆ ಗಾಡಿ ನಿಂತಿದೆ" ಎಂದು ಕೂಗಿದ. ಎಲ್ಲರೂ ನಕ್ಕರು. ತುಟಿ ಮುಚ್ಚಿತು. ತಕ್ಕಡಿ ಪಕ್ಕಕ್ಕೆ ಸರಿದು ಇಳಿದು ಹೋದಳು.

ಮುಂದೆ ಒಂದು ದಿನ ಬಸ್ ನಿಲ್ದಾಣದಲ್ಲಿ ಬೇರೆ ಯಾರದೋ ದನಿ ಕೇಳಿಸಿತು. ಚಿಕ್ಕ ಹುಡುಗಿಯ ದನಿ, ಊರುಗಳ ಹೆಸರನ್ನು ಒಂದೊಂದಾಗಿ ಓದುತ್ತಿತ್ತು. ತಕ್ಕಡಿ ಬಸ್ಸು ಹತ್ತಲಿಲ್ಲ. ಅಂಗಡಿಗೂ ಹೋಗಲಿಲ್ಲ. ಗಂಡನಿಗೆ ಫೋನ್ ಮಾಡಿದಳು. ಅವನು ಆಗಲೇ ಅಣ್ಣನ ಜೊತೆ ಆಸ್ಪತ್ರೆಯಲ್ಲಿದ್ದ.

ಡಾಕ್ಟರು ಸಮಾಧಾನದವರು. ಹೃದಯದಿಂದ ರಕ್ತ ಹೊರಗೆ ಹೋಗುವ ಕಡೆ ಒಂದು ಕವಾಟವಿರುತ್ತದೆ, ಅದು ಗಟ್ಟಿಯಾಗಿ ಕಿರಿದಾಗಿದೆ, ಕಿರಿದಾದ ಬಾಗಿಲಲ್ಲಿ ನೂಕಿ ನೂಕಿ ಹೃದಯವೇ ಸೋತಿದೆ ಎಂದು ಬಿಡಿಸಿ ಹೇಳಿದರು. ಆಮೇಲೆ ಕೇಳಿದರು: "ಮೇಲುಸಿರು ಯಾವಾಗಿನಿಂದ?"

"ಈಗೀಗ ಡಾಕ್ಟ್ರೇ, ಒಂದು ತಿಂಗಳಿಂದ" ಅಂದರು ಭಾವ.

"ಇಲ್ಲ." ತಕ್ಕಡಿಯ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ಹೋದ ಚಳಿಗಾಲದಿಂದ. ಆಗ ಒಂದು ಉಸಿರು ಜಾಸ್ತಿ ಬೇಕಾಗ್ತಿತ್ತು. ಚಳಿ ಮುಗಿಯೋ ಹೊತ್ತಿಗೆ ಎರಡು. ಬೇಸಿಗೇಲಿ ಉದ್ದ ಮಾತು ಆಡೋಕೂ ಆಗ್ತಿರಲಿಲ್ಲ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ನೀವು ಅವರ ಜೊತೆ ಒಂದೇ ಮನೇಲಿದ್ದೀರಾ?"

"ಇಲ್ಲ. ಪಕ್ಕದಲ್ಲಿ ನಿಂತು ಹಾಡ್ತೀನಿ."

ಡಾಕ್ಟರು ಅದನ್ನೂ ಬರೆದುಕೊಂಡರು. ಹೊರಗಿನ ಮೊಗಸಾಲೆಯಲ್ಲಿ ಭಾವ ಗೋಡೆಗೊರಗಿ ನಿಂತರು. ಅವರು ಜೋರು ಮಾತಿನವರಲ್ಲ. ಈಗಲೂ ಜೋರಾಗಲಿಲ್ಲ.

"ಇಷ್ಟು ಸರಿಯಾಗಿ ಗೊತ್ತಿತ್ತಾ ನಿನಗೆ? ನನಗೇ ಗೊತ್ತಾಗಲಿಲ್ಲ. ನಿದ್ದೆ ಬರ್ತಿಲ್ಲ ಅಂತ ಎದ್ದು ಕೂತ್ಕೊಳ್ಳೋಳು, ಹೌದೇನೋ ಅಂದ್ಕೊಂಡೆ. ನಿನಗೆ ಗೊತ್ತಿತ್ತು. ಒಂದು ಮಾತು ಇವನ ಹತ್ತಿರ ಹೇಳಿ ಕಳಿಸಿದ್ರೆ ಸಾಕಿತ್ತಲ್ಲಮ್ಮ."

ತಕ್ಕಡಿಯ ಗಂಡ ಅಣ್ಣನ ತೋಳು ಹಿಡಿದ. ತಕ್ಕಡಿ ನೆಲ ನೋಡುತ್ತ ನಿಂತಳು. ಅತ್ತೆಯ ಸಾವಿನ ಮನೆಯಲ್ಲಿ ಅಂದು ಮೈಕಕ್ಕ ಆಡಿದ ಮುಳ್ಳಿನ ಮಾತು ಸುತ್ತು ಹಾಕಿ ಬಂದು ಎದುರು ನಿಂತಿತ್ತು. ಅಂದು ಅದು ಸುಳ್ಳು. ಅತ್ತೆ ಬಿದ್ದಾಗ ಅವಳು ಅವರಿಗೆಂದೇ ನೀರು ಕಾಯಿಸುತ್ತಿದ್ದಳು. ಇಂದು ಮಾತ್ರ ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಮುಳ್ಳು ಎಷ್ಟು ಜರುಗಿತು, ಯಾವಾಗ ಜರುಗಿತು, ಎಲ್ಲ ನೋಡಿದ್ದಳು. ತಟ್ಟೆಯಲ್ಲಿ ಯಾರಿದ್ದಾರೆ ಎಂಬುದನ್ನು ಬಿಟ್ಟು.

ಒಳಗೆ ಮೈಕಕ್ಕ ಮೂರು ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಇವಳನ್ನು ಕಂಡು ಕುರ್ಚಿಯತ್ತ ಕಣ್ಣಿನಲ್ಲೇ ತೋರಿಸಿದಳು.

"ಕೂತ್ಕೋ. ಬಲಗಡೆ ಬಾ. ಆ ಕಡೆ ಕೂತ್ರೆ ನನಗೆ ಶ್ರುತಿ ಹೋಗುತ್ತೆ."

ತಕ್ಕಡಿ ಕುರ್ಚಿಯನ್ನು ಬಲಕ್ಕೆ ಎಳೆದುಕೊಂಡು ಕೂತಳು. ಮೊದಲ ಮಾತು ಹೇಗೆ ಶುರು ಮಾಡುವುದೆಂದು ವರ್ಷಗಳಿಂದ ತೂಗಿ ನೋಡಿದ್ದಳು. ಬಾಯಿಗೆ ಬಂದದ್ದು ಬೇರೆ.

"ಅಕ್ಕಾ, ನನಗೆ ಗೊತ್ತಿತ್ತು."

"ನಿನಗೆ ಗೊತ್ತು ಅನ್ನೋದು ನನಗೂ ಗೊತ್ತಿತ್ತು ಕಣೇ." ಮೈಕಕ್ಕ ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದಳು. "ನನ್ನ ಪಾಲಿನದ್ದೂ ನೀನೇ ಹಾಡ್ತಿದ್ದೆ. ಮೇಳದಲ್ಲಿ ನಾನು ಬರೀ ಬಾಯಾಡಿಸಿದೆ. ಆ ಚಪ್ಪಾಳೆಯೆಲ್ಲ ನಿಂದೇ."

"ಯಾರಿಗಾದ್ರೂ ಹೇಳಬಹುದಿತ್ತಲ್ಲ ನೀನು. ಭಾವನಿಗೆ ಆದ್ರೂ."

"ಹೇಳಿದ್ರೆ ಡಾಕ್ಟ್ರು. ಡಾಕ್ಟ್ರು ಅಂದ್ರೆ ಹಾಡು ಬಂದ್. ಮೇಷ್ಟ್ರು ನಿನ್ನ ಪಕ್ಕಕ್ಕೆ ಆ ಕೀರಲು ದನಿಯ ಟೈಪಿಸ್ಟ್‌ನ ತಂದು ನಿಲ್ಲಿಸೋರು." ಅವಳು ನಗಲು ಹೋಗಿ ಕೆಮ್ಮಿದಳು. ತಕ್ಕಡಿ ನೀರಿನ ಲೋಟ ಹಿಡಿದಳು. ಮೈಕಕ್ಕ ಕುಡಿದು, ಸುಧಾರಿಸಿಕೊಂಡು, ಮೆಲ್ಲಗೆ ಹೇಳಿದಳು: "ಮಾತಂತೂ ಇರ್ಲಿಲ್ಲ. ಪಕ್ಕದಲ್ಲಿ ನಿಲ್ಲೋದೊಂದು ಉಳಿದಿತ್ತು. ಅದನ್ನೂ ಕಳ್ಕೊಳ್ಳೋಕೆ ಮನಸ್ಸಾಗ್ಲಿಲ್ಲ."

ತಕ್ಕಡಿ ಲೋಟವನ್ನು ಕೆಳಗಿಟ್ಟಳು. ತಾನು ಬಾಯಿ ಬಿಡದಿದ್ದದ್ದೂ ಅದೇ ಕಾರಣಕ್ಕೆ ಎಂದು ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಮೈಕಕ್ಕನೇ ಮುಂದುವರಿಸಿದಳು.

"ಆವತ್ತು ಆ ಮುಳ್ಳಿನ ಮಾತು ಆಡಬಾರದಿತ್ತು ನಾನು. ಅತ್ತೆ ಹೋದ ಸಂಕಟ, ಕೈಗೆ ಸಿಕ್ಕಿದವಳು ನೀನು."

"ಸರಿಯಾಗೇ ಅಂದಿದ್ದೆ ಬಿಡು ಅಕ್ಕ."

"ಥೂ ನಿನ್ನ! ಬಿಟ್ಟ ಬಾಣಕ್ಕೆ ಎದೆ ಕೊಡ್ತೀಯಲ್ಲೇ. ಜಗಳ ಆಡೋಕೂ ಬರಲ್ಲ ನಿನಗೆ. ಆವತ್ತೇ ತಿರುಗಿ ನಾಲ್ಕು ಬೈದಿದ್ರೆ ಸಂಜೆ ಹೊತ್ತಿಗೆ ಮುಗಿದುಹೋಗ್ತಿತ್ತು."

"ಈಗ ಬೈತೀನಿ. ಮೊದಲು ಹುಷಾರಾಗು."

"ಬೈಯೋಕೆ ಪಟ್ಟಿ ಮಾಡ್ಕೊಂಡು ಬಾ, ನೀನು ತೂಗಿ ಆಡೋಳು" ಎಂದು ಮೈಕಕ್ಕ ಕಣ್ಣು ಮುಚ್ಚಿದಳು. ತಕ್ಕಡಿ ಪಕ್ಕದಲ್ಲೇ ಕೂತಿದ್ದಳು. ಅವಳ ಭುಜ ಏಳುವುದನ್ನೂ ಇಳಿಯುವುದನ್ನೂ ನೋಡುತ್ತ, ತನಗೆ ತಿಳಿಯದೆಯೇ, ಅವಳು ಉಸಿರೆಳೆಯುವಾಗ ತಾನು ಹಿಡಿದು, ಅವಳು ಬಿಟ್ಟ ಮೇಲೆ ತಾನು ಎಳೆಯುತ್ತಿದ್ದಳು.

ಆಪರೇಷನ್ ಆಯಿತು. ಹೊಸ ಕವಾಟ ಸರಿಯಾಗಿ ಕೂತಿತು. ಸೋತಿದ್ದ ಹೃದಯ ಮಾತ್ರ ಮತ್ತೆ ಏಳಲಿಲ್ಲ. ಮುಂಚೆಯೇ ಕರೆತಂದಿದ್ದರೆ ಅಕ್ಕ ಉಳಿಯುತ್ತಿದ್ದಳೇ ಎಂದು ತಕ್ಕಡಿ ಡಾಕ್ಟರನ್ನು ಕೇಳಿದಳು. ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. "ಸಾಧ್ಯತೆ ಹೆಚ್ಚಿತ್ತು" ಅಂದರು. ಅದು ಪ್ರಾಮಾಣಿಕ ಉತ್ತರ ಎಂದು ಅವಳಿಗೆ ಗೊತ್ತಾಯಿತು. ಅದಕ್ಕಿಂತ ಭಾರದ್ದನ್ನು ಅವಳು ತನ್ನ ಮೇಜಿನ ಮೇಲೆ ಎಂದೂ ಇಟ್ಟಿರಲಿಲ್ಲ.

ತಂಡ ಮತ್ತೆ ಸೇರಿದ ಮೊದಲ ಸಂಜೆ ತಕ್ಕಡಿ ಎಲ್ಲರಿಗಿಂತ ಮುಂಚೆ ಹೋಗಿ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದಳು. ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತಿದ್ದವರು ಅದರ ಮುಚ್ಚಳ ಮುಚ್ಚಿದರು.

"ನಾನು ಎದುರಿಗೇ ನಿಂತಿದ್ದೆ. ನನ್ನ ಕಿವಿಗೆ ಬೀಳಲಿಲ್ಲವಲ್ಲಮ್ಮ."

"ಬೀಳಬಾರದು ಅಂತಲೇ ಹಾಡಿದ್ದು ಮೇಷ್ಟ್ರೇ. ನೀವೇ ಕಲಿಸಿದ್ದು."

ಅವಳು ಚುಚ್ಚಲು ಹೇಳಿದ್ದಲ್ಲ. ಆದರೂ ಅವರು ತಲೆ ತಗ್ಗಿಸಿದರು. ಆ ದಿನ ಹಾಡು ಹೇಳಿಸಲಿಲ್ಲ. ಮುಂದಿನ ವಾರದಿಂದ ಒಂದು ಹೊಸ ಪದ್ಧತಿ ಬಂತು. ಹಾಡು ಶುರುವಾಗುವ ಮುಂಚೆ ಅಕ್ಕಪಕ್ಕದವರು ಎದುರುಬದುರು ತಿರುಗಿ ನಿಲ್ಲಬೇಕು. ಒಬ್ಬರು ಒಂದು ಸ್ವರ ಹಿಡಿದು ಉಸಿರು ಮುಗಿಯುವ ತನಕ ಹಾಡಬೇಕು, ಇನ್ನೊಬ್ಬರು ಕೇಳಬೇಕು. ಕಳೆದ ಸಲಕ್ಕಿಂತ ಕಡಿಮೆಯಾಗಿದ್ದರೆ ಬಾಯಿಬಿಟ್ಟು ಹೇಳಬೇಕು.

"ಇದೇನು ಆಸ್ಪತ್ರೆ ಮಾಡಿಬಿಟ್ರಲ್ಲ ಮೇಷ್ಟ್ರೇ" ಅಂದ ಪೇಂಟರ್. ಯಾರೂ ನಗಲಿಲ್ಲ. ಅವನೂ ತಿರುಗಿ ನಿಂತು ಪಕ್ಕದವನ ಸ್ವರ ಕೇಳಿದ. ಆಮೇಲೆ ಅವನ ಸಿಗರೇಟು ಕಡಿಮೆಯಾಯಿತು ಎಂದು ಜನ ಹೇಳುತ್ತಾರೆ. ಬಿಟ್ಟಿದ್ದಾನೆಂದು ಯಾರೂ ಹೇಳುವುದಿಲ್ಲ.

ಎಡತುದಿಯ ಜಾಗ ಕೆಲವು ವಾರ ಖಾಲಿ ಇತ್ತು. ಆಮೇಲೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಅಲ್ಲಿಗೆ ಬಂದಳು. ಒಳ್ಳೆಯ ದನಿ, ಸ್ವಲ್ಪ ಗಡಿಬಿಡಿಯ ಸ್ವಭಾವ. ಮೇಷ್ಟ್ರು ಬಹಳ ಯೋಚಿಸಿ ದೋಣಿಯ ಹಾಡನ್ನು ಮತ್ತೆ ತೆಗೆದರು. ಹೊಸಬಳಿಗೆ ಉಸಿರಿನ ಜಾಗ ತೋರಿಸಿಕೊಡಲು ತಕ್ಕಡಿಗೆ ಹೇಳಿದರು. ಮೇಲ್ದನಿಯ ಸಾಲು ಏರುವಾಗ, ಅಲ್ಲಿ, ಎಂದು ಅವಳು ತೋರಿಸಿದಳು.

ಒಂದು ಸಂಜೆ ಹೊಸಬಳು ಕಡೆಗೆ ಬಂದು ನೇರ ಸಾಲಿಗೆ ಸೇರಿದಳು. ಎದುರುಬದುರು ನಿಲ್ಲುವುದು ಅವಳಿಗೆ ತಪ್ಪಿಹೋಯಿತು. "ದೂ" ಬಂತು. ಕೆಳದನಿಯವರು ಉತ್ತರ ಶುರು ಮಾಡಿದರು. ಪಕ್ಕದ ಭುಜ ಎದ್ದಿತು, ಏಳಬಾರದ ಜಾಗದಲ್ಲಿ.

ತಕ್ಕಡಿ ಹಾಡುವುದನ್ನು ನಿಲ್ಲಿಸಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಎರಡನೇ ಸಾಲಿನಲ್ಲಿ ತೂತು ಬಿತ್ತು. ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ನಿಂತರು.

"ಯಾಕಮ್ಮ? ಯಾಕೆ ಅಲ್ಲಿ ಉಸಿರೆಳೆದೆ?" ತಕ್ಕಡಿ ಪಕ್ಕಕ್ಕೆ ತಿರುಗಿ ಕೇಳಿದಳು.

ಹೊಸಬಳು ಕಂಗಾಲಾದಳು. "ತಪ್ಪಾಯ್ತು ಅಕ್ಕಾ. ಬಸ್ಸು ತಡ ಆಯ್ತು, ಮೆಟ್ಟಿಲು ಓಡಿಕೊಂಡು ಹತ್ತಿದೆ."

"ಅಷ್ಟೇನಾ?"

"ಅಷ್ಟೇ."

"ನಿಜ ಹೇಳು."

"ನಿಜವಾಗ್ಲೂ ಅಕ್ಕಾ. ಓಡಿದ್ದಕ್ಕೇ. ನೋಡಿ, ಈಗ ಸರಿ ಹೋಯ್ತು."

ತಕ್ಕಡಿ ಅವಳ ಭುಜವನ್ನು ನೋಡಿದಳು. ಅದು ಏರಿಳಿಯುತ್ತ ನಿಧಾನವಾಗಿ ನೆಲೆಗೆ ಬಂತು. ಆಮೇಲೆ ಮುಖವನ್ನು ನೋಡಿದಳು, ಸಾಕಷ್ಟು ಹೊತ್ತು.

"ಮುಂದಿನ ವಾರ ಓಡದೆ ಬಾ. ಇನ್ನೊಂದು ಸಲ ಕೇಳ್ತೀನಿ" ಅಂದಳು.

"ಮತ್ತೆ ಮೊದಲಿಂದ" ಅಂದರು ಮೇಷ್ಟ್ರು. ದನಿ ಒರಟಾಗಿತ್ತು. ಅವರು ಬೆನ್ನು ತಿರುಗಿಸಿ ಮೂಗು ಒರೆಸಿಕೊಂಡು ಕೈ ಎತ್ತಿದರು.

ಹಾಡು ಮೊದಲಿಂದ ಬಂತು, "ದೂ" ಬಂತು. ಈ ಸಲ ಹೊಸಬಳು ತನ್ನ ಜಾಗದಲ್ಲೇ ಉಸಿರೆಳೆದು ಸರಿಯಾಗಿ ವಾಪಸ್ ಬಂದಳು. ಕೆಳದನಿಯವರ ಉತ್ತರದ ನಡುವೆ ತಕ್ಕಡಿಯ ಸರದಿ ಬಂತು. ಅವಳು ಎಳೆದುಕೊಳ್ಳಬಹುದಿತ್ತು, ಯಾರಿಗೂ ಅವಳ ನೆರವು ಬೇಕಿರಲಿಲ್ಲ. ಆದರೂ ಎಳೆಯಲಿಲ್ಲ. ಆ ಜಾಗದಲ್ಲಿ ಅವಳಿಗೆ ಈಗಲೂ ಇನ್ನೊಂದು ಭುಜ ಏಳುವುದು ತಿಳಿಯುತ್ತಿತ್ತು. ಎದೆ ಒತ್ತಿ ಬಂದರೂ ಅವಳು ಕೊನೆಯವರೆಗೆ ಹಿಡಿದಳು.